ಕಣ್ಣಿಗೆ ಕಟ್ಟಿದ ಪಾಠ

ಮಕ್ಕಳನ್ನು ಕಾಲೇಜಿಗೆ ಕಳುಹಿಸಬೇಕಾದ ಗೃಹಸ್ಥರ ಕೈಗೆ ಪ್ರತಿವರ್ಷವೂ ಬೇಸಗೆ ಬಂದಿತೆಂದರೆ ಬಣ್ಣಬಣ್ಣದ ವಿವರಣಪತ್ರಿಕೆಗಳು ಬಂದು ಸೇರುವುವು. ಹಿಂದೆ ಇಂತಹ ಪತ್ರಿಕೆಗಳಲ್ಲಿ ಕಟ್ಟಡದ ಚಿತ್ರವೂ, ಪುಸ್ತಕಭಂಡಾರದ ಚಿತ್ರವೂ, ಆಟದ ಬಯಲಿನ ಚಿತ್ರವೂ ಇರುತ್ತಿದ್ದುವು. ಈಚೆಗೆ ಇವುಗಳ ಜೊತೆಗೆ ಮತ್ತೊಂದು ಚಿತ್ರ ಸೇರಿಕೊಂಡಿದೆ. ಕಣ್ಣುಗಳನ್ನು ಪೂರ್ತಿಯಾಗಿ ಮುಚ್ಚುವ ದಪ್ಪನೆಯ ಕನ್ನಡಕವೊಂದನ್ನು ತೊಟ್ಟು, ಬಾಯಿ ಅರೆತೆರೆದು, ಎದುರಿನ ಶೂನ್ಯದಲ್ಲಿ ಏನನ್ನೋ ಹಿಡಿಯಲು ಕೈಚಾಚಿ ನಿಂತಿರುವ ವಿದ್ಯಾರ್ಥಿಯ ಚಿತ್ರವದು. ನಮ್ಮಲ್ಲಿ ವಿ.ಆರ್. ಲ್ಯಾಬ್ ಇದೆ ಎಂದು ಅದರ ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಈ ಕನ್ನಡಕದಿಂದ ಹುಡುಗನ ವಿದ್ಯೆ ಹೆಚ್ಚುವುದೋ, ಶುಲ್ಕ ಮಾತ್ರ ಹೆಚ್ಚುವುದೋ ಎಂದು ತಂದೆತಾಯಿಗಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಅದಕ್ಕೆ ಉತ್ತರವನ್ನು ಹುಡುಕಿದ ವಿಶ್ವವಿದ್ಯಾನಿಲಯಗಳು ಹೊರದೇಶಗಳಲ್ಲಿ ಕೆಲವುಂಟು. ಅಲ್ಲಿ ಕಂಡುಬಂದ ಸಂಗತಿಗಳನ್ನು ನಮ್ಮ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ವರ್ಚುಯಲ್ ರಿಯಾಲಿಟಿ, ಆಗ್ಮೆಂಟೆಡ್ ರಿಯಾಲಿಟಿ ಎಂದು ಎರಡು ಬಗೆಗಳುಂಟು. ಮೊದಲನೆಯದನ್ನು ಕಲ್ಪಿತ ವಾಸ್ತವವೆಂದೂ ಎರಡನೆಯದನ್ನು ವರ್ಧಿತ ವಾಸ್ತವವೆಂದೂ ಕನ್ನಡದಲ್ಲಿ ಕರೆಯಬಹುದು. ಕಲ್ಪಿತ ವಾಸ್ತವದಲ್ಲಿ ಕನ್ನಡಕವು ನಾವಿರುವ ಕೊಠಡಿಯನ್ನು ಪೂರಾ ಮರೆಮಾಡಿ, ಕಂಪ್ಯೂಟರು ರಚಿಸಿದ ಬೇರೊಂದು ಲೋಕವನ್ನು ಕಣ್ಣಮುಂದೆ ನಿಲ್ಲಿಸುತ್ತದೆ. ವರ್ಧಿತ ವಾಸ್ತವದಲ್ಲಾದರೋ ಕೊಠಡಿ, ಮೇಜು, ಎದುರಿನಲ್ಲಿರುವ ಸ್ನೇಹಿತ ಎಲ್ಲವೂ ಕಾಣುತ್ತಲೇ ಇರುತ್ತವೆ. ಅವುಗಳ ನಡುವೆ ಇಲ್ಲದ ವಸ್ತುವೊಂದು, ಬಡಿಯುತ್ತಿರುವ ಒಂದು ಹೃದಯವೆನ್ನೋಣ, ಮೇಜಿನ ಮೇಲೆ ತೇಲುವಂತೆ ತೋರುತ್ತದೆ. ಭಾರತವನ್ನು ಕೇಳಿದವರಿಗೆ ಮೊದಲನೆಯದು ಮಯನು ಕಟ್ಟಿದ ಸಭೆಯನ್ನು ನೆನಪಿಗೆ ತಂದೀತು. ನೆಲವನ್ನು ನೀರೆಂದು ಬಗೆದು ಉಟ್ಟ ಬಟ್ಟೆಯನ್ನು ಎತ್ತಿಕೊಂಡ ದುರ್ಯೋಧನನೇ ಮುಂದೆ ನೀರನ್ನು ನೆಲವೆಂದು ನಡೆದು ಬಿದ್ದನಷ್ಟೆ. ಎರಡನೆಯದು ವೇದಾಂತಿಗಳು ಹೇಳುವ ಹಗ್ಗದ ಹಾವಿನಂತೆ. ವ್ಯತ್ಯಾಸವಿಷ್ಟೆ, ಇಲ್ಲಿ ಹಗ್ಗವೂ ಕಾಣುತ್ತಿರುತ್ತದೆ, ಹಾವು ಸುಳ್ಳೆಂಬುದೂ ನೋಡುವವನಿಗೆ ತಿಳಿದಿರುತ್ತದೆ. ದುರ್ಯೋಧನನ ಪಾಡು ಮಾತ್ರ ಇಂದಿಗೂ ತಪ್ಪಿಲ್ಲ. ಕನ್ನಡಕ ತೊಟ್ಟು ಗೋಡೆಗೆ ಹಾಯುವವರೂ, ಇಲ್ಲದ ಮೇಜಿಗೆ ಒರಗಹೋಗಿ ಬೀಳುವವರೂ ಇದ್ದಾರೆ. ಆದುದರಿಂದಲೇ ಈ ಯಂತ್ರಗಳು ತೊಟ್ಟವನ ಸುತ್ತ ಒಂದು ಎಲ್ಲೆಯನ್ನು ಗೊತ್ತುಮಾಡಿಕೊಂಡು, ಅವನು ಅದರ ಸಮೀಪಕ್ಕೆ ಬಂದೊಡನೆ ಜಾಲರಿಯಂತಹ ಗೆರೆಗಳನ್ನು ತೋರಿಸಿ ಎಚ್ಚರಿಸುತ್ತವೆ.

ಇದರ ಮೂಲತತ್ತ್ವ ಹೊಸದಲ್ಲ. ಹೆಬ್ಬೆರಳನ್ನು ಮೂಗಿನ ನೇರಕ್ಕೆ ಹಿಡಿದು, ಒಮ್ಮೆ ಎಡಗಣ್ಣನ್ನೂ ಒಮ್ಮೆ ಬಲಗಣ್ಣನ್ನೂ ಮುಚ್ಚಿ ನೋಡಿದರೆ, ಬೆರಳು ಹಿಂದಣ ಗೋಡೆಯ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಜಿಗಿದಂತೆ ಕಾಣುವುದು. ಎರಡು ಕಣ್ಣುಗಳೂ ಒಂದೇ ವಸ್ತುವನ್ನು ತುಸು ಬೇರೆಬೇರೆಯಾಗಿ ಕಾಣುತ್ತವೆ. ಮಿದುಳು ಆ ಎರಡನ್ನೂ ಕೂಡಿಸಿ ದೂರ ಸಮೀಪಗಳನ್ನು ಅಳೆಯುತ್ತದೆ. ೧೮೩೮ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿಜ್ಞಾನಿ ಈ ಸಂಗತಿಯನ್ನು ರಾಯಲ್ ಸೊಸೈಟಿಯ ಮುಂದಿಟ್ಟು, ಎರಡು ಚಪ್ಪಟೆ ಚಿತ್ರಗಳನ್ನು ಎರಡು ಕಣ್ಣುಗಳಿಗೆ ಪ್ರತ್ಯೇಕವಾಗಿ ತೋರಿಸಿದರೆ ಘನವಾದ ವಸ್ತುವೇ ಎದುರಿನಲ್ಲಿರುವಂತೆ ಭ್ರಮೆ ಹುಟ್ಟುವುದೆಂದು ಸಿದ್ಧಪಡಿಸಿದನು. ಡೇವಿಡ್ ಬ್ರೂಸ್ಟರನು ಮಸೂರಗಳುಳ್ಳ ಕೈಪೆಟ್ಟಿಗೆಯಾಗಿ ಅದನ್ನು ಮಾರ್ಪಡಿಸಿದ ಮೇಲೆ, ೧೮೫೧ರ ಲಂಡನ್ ಮಹಾಪ್ರದರ್ಶನದಿಂದ ಮುಂದೆ ಅದು ಯೂರೋಪಿನ ಶ್ರೀಮಂತರ ಮನೆಮನೆಗೂ ಹೋಯಿತು. ನಮ್ಮ ಜಾತ್ರೆಗಳಲ್ಲಿ ಮಕ್ಕಳು ಕಾಸು ಕೊಟ್ಟು, ಕಣ್ಣಿನ ಎರಡು ಬದಿಗೂ ಅಂಗೈಗಳನ್ನು ಅಡ್ಡಹಿಡಿದು ಇಣುಕಿ ನೋಡುತ್ತಿದ್ದ ಬಯಾಸ್ಕೋಪಿನ ಪೆಟ್ಟಿಗೆಯನ್ನು ಈ ಮನೆತನದ ಬಡ ನೆಂಟನೆನ್ನಬಹುದು. ಹೊರಗಿನ ಬೆಳಕನ್ನು ಮುಚ್ಚಿದರೆ ಒಳಗಿನ ಚಿತ್ರ ದೊಡ್ಡದಾಗುವುದೆಂಬ ಗುಟ್ಟು ಆ ಪೆಟ್ಟಿಗೆಯವನಿಗೂ ತಿಳಿದಿತ್ತು.

ಚಿತ್ರವು ತಲೆಯ ಚಲನೆಯನ್ನು ಅನುಸರಿಸುವಂತೆ ಮಾಡಿದುದು ಮುಂದಿನ ಹೆಜ್ಜೆ. ಅಮೆರಿಕದ ಐವಾನ್ ಸದರ್ಲೆಂಡ್ ಎಂಬವರು ೧೯೬೮ರಲ್ಲಿ ಇಂತಹ ಯಂತ್ರವೊಂದನ್ನು ನಿರ್ಮಿಸಿ ತೋರಿಸಿದರು. ತಲೆಯ ಚಲನೆಯನ್ನು ಅಳೆಯುವ ಕಂಬವು ಮೇಲ್ಛಾವಣಿಯಿಂದ ತೊಟ್ಟವನ ನೆತ್ತಿಯ ಮೇಲೆ ತೂಗುತ್ತಿದ್ದುದರಿಂದ, ಗ್ರೀಕರ ಕಥೆಯಲ್ಲಿ ಡಾಮೊಕ್ಲಿಸನ ತಲೆಯ ಮೇಲೆ ಕೂದಲೆಳೆಯಲ್ಲಿ ತೂಗುತ್ತಿದ್ದ ಕತ್ತಿಯ ಹೆಸರು ಅದಕ್ಕೆ ಬಂದಿತು. ಅಲ್ಲಿಂದ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಇದು ದೊಡ್ಡ ಪ್ರಯೋಗಶಾಲೆಗಳ ಮತ್ತು ವಿಮಾನದಳಗಳ ಸೊತ್ತಾಗಿಯೇ ಉಳಿಯಿತು. ಮೊಬೈಲ್ ಫೋನುಗಳ ಕಾರಣದಿಂದ ಸಣ್ಣ ಪರದೆಗಳೂ ಚಲನೆಯನ್ನು ತಿಳಿಯುವ ಬಿಡಿಭಾಗಗಳೂ ಅಗ್ಗವಾದ ಮೇಲೆ, ೨೦೧೨ರಲ್ಲಿ ಪಾಮರ್ ಲಕಿ ಎಂಬ ತರುಣನ ಆಕ್ಯುಲಸ್ ಯಂತ್ರದಿಂದ ಹೊಸ ಕಾಲ ಆರಂಭವಾಯಿತು. ೨೦೧೪ರಲ್ಲಿ ಫೇಸ್‌ಬುಕ್ ಆ ಸಂಸ್ಥೆಯನ್ನು ಕೊಂಡಿತು. ಅದೇ ವರ್ಷ ಗೂಗಲ್ ಸಂಸ್ಥೆಯು ರಟ್ಟನ್ನು ಮಡಿಸಿ ಮಾಡಿದ, ಫೋನನ್ನೇ ಒಳಗಿಟ್ಟು ನೋಡುವ ಕನ್ನಡಕವನ್ನು ಹೊರತಂದಿತು.

ಹೆಡ್‌ಸೆಟ್ಟು ಎಂದು ಈಗ ಎಲ್ಲರೂ ಕರೆಯುವ ಈ ಸಾಧನವು ಸುಮಾರು ಅರ್ಧ ಕಿಲೋಗ್ರಾಂ ತೂಗುತ್ತದೆ. ಒಳಗಿನ ಪರದೆಯಲ್ಲಿ ಸೆಕೆಂಡಿಗೆ ಎಪ್ಪತ್ತರಿಂದ ನೂರಿಪ್ಪತ್ತರಷ್ಟು ಸಲ ಚಿತ್ರ ಬದಲಾಗುವುದು. ತಲೆ ತಿರುಗಿಸಿದ ಕ್ಷಣಕ್ಕೂ ಚಿತ್ರ ತಿರುಗುವ ಕ್ಷಣಕ್ಕೂ ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಹೋಗಬಾರದು. ಹೋದರೆ ತೊಟ್ಟವನಿಗೆ ತಲೆಸುತ್ತು ಬರುವುದು.

ವಿಶ್ವವಿದ್ಯಾನಿಲಯಗಳು ಇದನ್ನು ಏಕೆ ಅಪ್ಪಿಕೊಂಡುವೆಂಬುದನ್ನು ಊಹಿಸುವುದು ಕಷ್ಟವಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಮೇಜಿನ ಕೆಳಗೆ ಫೋನು ನೋಡುವ ವಿದ್ಯಾರ್ಥಿಯ ಮುಂದೆ ಮಾತನಾಡುವ ಅಧ್ಯಾಪಕನ ಸಂಕಟವನ್ನು ಅಧ್ಯಾಪಕನೇ ಬಲ್ಲನು. ಕಣ್ಣು ಕಿವಿಗಳೆರಡನ್ನೂ ಒಮ್ಮೆಗೇ ಸೆರೆಹಿಡಿಯುವ ಸಾಧನ ಸಿಕ್ಕಿದಾಗ ಅವನಿಗೆ ಹಿಗ್ಗಾಗದೆ ಇದ್ದೀತೆ? ಅದು ಬರಿಯ ಹಿಗ್ಗಲ್ಲವೆಂಬುದಕ್ಕೆ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿರುವ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯವು ಒಳ್ಳೆಯ ಸಾಕ್ಷಿ.

ವೈದ್ಯವಿದ್ಯಾರ್ಥಿಗಳು ಶರೀರರಚನೆಯನ್ನು ಶವಚ್ಛೇದನದಿಂದಲೇ ಕಲಿಯುವುದು ಶತಮಾನಗಳ ಪದ್ಧತಿ. ಶವಗಳನ್ನು ದೊರಕಿಸುವುದು, ಕೆಡದಂತೆ ಇಡುವುದು, ವಾಸನೆಯನ್ನು ಸಹಿಸುವುದು, ಎಲ್ಲವೂ ಪ್ರಯಾಸದ ಕೆಲಸಗಳು. ಒಮ್ಮೆ ಕತ್ತರಿಸಿದ ನರವನ್ನು ಮತ್ತೆ ಕೂಡಿಸಿ ನೋಡುವಂತಿಲ್ಲ. ಕೇಸ್ ವೆಸ್ಟರ್ನಿನ ಅಧ್ಯಾಪಕರು ಮೈಕ್ರೊಸಾಫ್ಟ್ ಸಂಸ್ಥೆಯ ಹೋಲೋಲೆನ್ಸ್ ಎಂಬ ವರ್ಧಿತ ವಾಸ್ತವದ ಕನ್ನಡಕಕ್ಕಾಗಿ ಹೋಲೋಅನಾಟಮಿ ಎಂಬ ಪಾಠವನ್ನು ಸಿದ್ಧಪಡಿಸಿದರು. ಕೊಠಡಿಯ ನಡುವೆ ಆಳೆತ್ತರದ ಮಾನವದೇಹವೊಂದು ನಿಂತಿರುವಂತೆ ಎಲ್ಲ ವಿದ್ಯಾರ್ಥಿಗಳಿಗೂ ಏಕಕಾಲದಲ್ಲಿ ಕಾಣುತ್ತದೆ. ಅಧ್ಯಾಪಕರು ಚರ್ಮವನ್ನು ಕಳಚುತ್ತಾರೆ, ಸ್ನಾಯುಗಳನ್ನು ಸರಿಸುತ್ತಾರೆ, ರಕ್ತನಾಳಗಳ ಜಾಲವನ್ನೊಂದೇ ಉಳಿಸಿ ಮಿಕ್ಕುದನ್ನು ಮಾಯಮಾಡುತ್ತಾರೆ, ಮತ್ತೆ ಎಲ್ಲವನ್ನೂ ಮೊದಲಿನಂತೆ ಜೋಡಿಸುತ್ತಾರೆ. ವಿದ್ಯಾರ್ಥಿಯು ಆ ದೇಹದ ಸುತ್ತ ನಡೆದು, ಬಗ್ಗಿ, ಎದೆಯ ಗೂಡಿನೊಳಕ್ಕೆ ತಲೆಹಾಕಿ ನೋಡಬಹುದು. ಅಷ್ಟರಲ್ಲಿಯೂ ಪಕ್ಕದಲ್ಲಿ ನಿಂತ ಸಹಪಾಠಿಯ ಮುಖವು ಕಾಣುತ್ತಲೇ ಇರುವುದರಿಂದ ಪ್ರಶ್ನೋತ್ತರಗಳಿಗೆ ಅಡ್ಡಿಯಿಲ್ಲ. ೨೦೧೯ರಲ್ಲಿ ಕ್ಲೀವ್‌ಲೆಂಡ್ ಕ್ಲಿನಿಕ್ಕಿನೊಡನೆ ಕೂಡಿ ಹೊಸ ವೈದ್ಯಶಿಕ್ಷಣದ ಕಟ್ಟಡವನ್ನು ತೆರೆದಾಗ ಅಲ್ಲಿ ಈ ಪಾಠಕ್ಕೇ ಮುಖ್ಯಸ್ಥಾನವನ್ನು ಕೊಟ್ಟರು. ಮರುವರ್ಷವೇ ಕೋವಿಡ್ ಪಿಡುಗು ಬಂದಿತು. ಆಗ ಮೊದಲ ವರ್ಷದ ೧೮೫ ವಿದ್ಯಾರ್ಥಿಗಳು ತಂತಮ್ಮ ಮನೆಗಳಲ್ಲಿಯೇ ಕನ್ನಡಕವನ್ನು ತೊಟ್ಟು ಇದೇ ಪಾಠವನ್ನು ದೂರದಿಂದ ಕಲಿತರು.

ಫಲವೇನಾಯಿತು? ೨೦೨೦ರಲ್ಲಿ ಪ್ರಕಟವಾದ ಅವರ ಪರೀಕ್ಷೆಗಳಲ್ಲಿ ಶವದಿಂದ ಕಲಿತವರಿಗೂ ಕನ್ನಡಕದಿಂದ ಕಲಿತವರಿಗೂ ಅಂಕಗಳಲ್ಲಿ ಹೇಳಿಕೊಳ್ಳುವಂತಹ ಭೇದ ಕಂಡುಬರಲಿಲ್ಲ. ಕನ್ನಡಕದವರಿಗೆ ಹಿಡಿದ ಹೊತ್ತು ಮಾತ್ರ ಕಡಿಮೆ. ಹೊತ್ತಿನ ಉಳಿತಾಯವೇ ವೈದ್ಯಶಿಕ್ಷಣದಲ್ಲಿ ದೊಡ್ಡ ಲಾಭವೆಂದು ಒಪ್ಪಬೇಕು. ಆದರೆ ಜ್ಞಾನ ಇಮ್ಮಡಿಯಾಗುವುದೆಂದು ಯಾರಾದರೂ ಹೇಳಿದರೆ ಅದಕ್ಕೆ ಇಲ್ಲಿ ಆಧಾರವಿಲ್ಲ.

ಇದಕ್ಕಿಂತಲೂ ಎಚ್ಚರಿಕೆಯಿಂದ ಓದಬೇಕಾದ ಪರೀಕ್ಷೆಯೊಂದು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಾಂಟಾ ಬಾರ್ಬರಾ ಶಾಖೆಯಲ್ಲಿ ನಡೆಯಿತು. ಜೋಸೆಲಿನ್ ಪರೋಂಗ್, ರಿಚರ್ಡ್ ಮೇಯರ್ ಎಂಬಿಬ್ಬರು ೨೦೧೮ರಲ್ಲಿ ಅದನ್ನು ಪ್ರಕಟಿಸಿದರು. ಮೇಯರ್ ಅವರು ಚಿತ್ರ ಮತ್ತು ಮಾತುಗಳಿಂದ ಮನುಷ್ಯನು ಹೇಗೆ ಕಲಿಯುತ್ತಾನೆಂಬುದನ್ನೇ ಜೀವಮಾನವೆಲ್ಲ ಶೋಧಿಸಿದ ಪಂಡಿತರು. ಕಾಲೇಜು ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರನ್ನು ಕಲ್ಪಿತ ವಾಸ್ತವದ ಹೆಡ್‌ಸೆಟ್ಟಿನ ಮೂಲಕ ರಕ್ತಪ್ರವಾಹದೊಳಕ್ಕೂ ಜೀವಕೋಶದೊಳಕ್ಕೂ ಕೊಂಡೊಯ್ದರು. ಸುತ್ತಲೂ ರಕ್ತಕಣಗಳು ತೇಲಿಬರುವುವು. ವಿದ್ಯಾರ್ಥಿಯು ಅವುಗಳ ನಡುವೆ ದೋಣಿಯಲ್ಲಿ ಕುಳಿತವನಂತೆ ಸಾಗುವನು. ಎರಡನೆಯ ಗುಂಪಿಗೆ ಅದೇ ವಿಷಯವನ್ನು ಸಾಮಾನ್ಯ ಪರದೆಯ ಮೇಲೆ, ಅವರವರ ವೇಗಕ್ಕೆ ತಕ್ಕಂತೆ ಮುಂದೆ ಸರಿಸಿಕೊಳ್ಳಬಹುದಾದ ಚಪ್ಪಟೆ ಚಿತ್ರಗಳಾಗಿ ಕೊಟ್ಟರು. ಪಾಠ ಹೇಗಿತ್ತೆಂದು ಕೇಳಿದಾಗ ಮೊದಲನೆಯ ಗುಂಪಿನವರು ಉತ್ಸಾಹದಿಂದ ಹೊಗಳಿದರು. ಆಸಕ್ತಿ, ತನ್ಮಯತೆ, ಕಲಿಯುವ ಹುರುಪು ಎಲ್ಲವೂ ಅವರಲ್ಲಿಯೇ ಹೆಚ್ಚು. ಆಮೇಲೆ ಪ್ರಶ್ನೆಪತ್ರಿಕೆಯನ್ನು ಕೊಟ್ಟರು. ಅದರಲ್ಲಿ ಮೇಲಾದವರು ಚಪ್ಪಟೆ ಚಿತ್ರಗಳನ್ನು ನೋಡಿದವರು!

ಒಂದೇ ಪರೀಕ್ಷೆಯನ್ನು ನಂಬಿ ತೀರ್ಪು ಕೊಡಬಾರದೆಂದು ವಾಚಕರು ಹೇಳಬಹುದು. ೨೦೧೯ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಗೀಡೊ ಮಕ್ರಾನ್‌ಸ್ಕಿ ಎಂಬವರೂ ಅವರ ಸಂಗಡಿಗರೂ ಮೇಯರ್ ಅವರೊಡನೆ ಸೇರಿ ಮತ್ತೊಂದನ್ನು ಪ್ರಕಟಿಸಿದರು. ಇಲ್ಲಿ ೫೨ ವಿದ್ಯಾರ್ಥಿಗಳಿಗೆ ಜೀವವಿಜ್ಞಾನದ ಪ್ರಯೋಗಶಾಲೆಯ ಒಂದೇ ಕೃತಕ ಪಾಠವನ್ನು ಕೆಲವರಿಗೆ ಕಂಪ್ಯೂಟರಿನ ಪರದೆಯಲ್ಲಿಯೂ ಕೆಲವರಿಗೆ ಹೆಡ್‌ಸೆಟ್ಟಿನಲ್ಲಿಯೂ ತೋರಿಸಿ, ಅವರ ಮಿದುಳಿನ ವಿದ್ಯುತ್ತರಂಗಗಳನ್ನೂ ಅಳೆದರು. ಹೆಡ್‌ಸೆಟ್ಟಿನವರಿಗೆ ತಾವು ನಿಜವಾಗಿ ಪ್ರಯೋಗಶಾಲೆಯಲ್ಲಿಯೇ ಇದ್ದೇವೆಂಬ ಭಾವ ಹೆಚ್ಚಾಯಿತು, ಮಿದುಳಿನ ಮೇಲೆ ಬಿದ್ದ ಹೊರೆಯೂ ಹೆಚ್ಚಾಯಿತು, ಕಲಿತುದು ಕಡಿಮೆಯಾಯಿತು.

ಇದರಲ್ಲಿ ಆಶ್ಚರ್ಯಪಡತಕ್ಕುದು ಅಷ್ಟೇನೂ ಇಲ್ಲ. ಮೈಸೂರಿನ ಜಂಬೂಸವಾರಿಯನ್ನು ಮೊದಲ ಸಲ ನೋಡಿ ಬಂದ ಬಾಲಕನನ್ನು ಹೇಗಿತ್ತೆಂದು ಕೇಳಿರಿ. ಕಣ್ಣರಳಿಸಿ ಗಂಟೆಗಟ್ಟಲೆ ಹೇಳುವನು. ಆನೆಗಳೆಷ್ಟಿದ್ದುವು, ಯಾವುದರ ಹಿಂದೆ ಯಾವುದು ಬಂದಿತು ಎಂದು ಕೇಳಿರಿ, ತಬ್ಬಿಬ್ಬಾಗುವನು. ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲುದು ಸ್ವಲ್ಪವೇ. ಆ ಸ್ವಲ್ಪದಲ್ಲಿ ಬಹುಪಾಲನ್ನು ಬೆರಗು ತಿಂದುಬಿಟ್ಟರೆ ಪಾಠಕ್ಕೆ ಉಳಿಯುವುದೇನು? ಪುಸ್ತಕ ಓದುವವನು ಅರ್ಥವಾಗದಿದ್ದಲ್ಲಿ ಹಿಂದಿನ ಪುಟಕ್ಕೆ ಹೋಗುತ್ತಾನೆ, ಬೆರಳಿಟ್ಟು ನಿಲ್ಲುತ್ತಾನೆ, ಅಂಚಿನಲ್ಲಿ ಗುರುತು ಮಾಡುತ್ತಾನೆ. ರಕ್ತನಾಳದಲ್ಲಿ ತೇಲಿಹೋಗುತ್ತಿರುವವನಿಗೆ ನಿಲ್ಲುವ ದಡವೆಲ್ಲಿ? ಕಣ್ಣು ಮುಚ್ಚಿರುವುದರಿಂದ ಟಿಪ್ಪಣಿ ಬರೆದುಕೊಳ್ಳುವಂತೆಯೂ ಇಲ್ಲ. ಮನಸ್ಸು ತೊಡಗುವುದು ಒಂದು, ವಿದ್ಯೆ ಹತ್ತುವುದು ಇನ್ನೊಂದು. ಮೊದಲನೆಯದಿಲ್ಲದೆ ಎರಡನೆಯದು ಕಷ್ಟ. ಮೊದಲನೆಯದಾದ ಮಾತ್ರಕ್ಕೆ ಎರಡನೆಯದು ಆಯಿತೆಂದು ತಿಳಿದರೆ ಮೋಸ. ಜಾಹೀರಾತುಗಳು ಈ ಎರಡನ್ನೂ ಬೆರೆಸಿ ಮಾರುತ್ತಿವೆಯೆಂಬುದೇ ನಮ್ಮ ಆಕ್ಷೇಪಣೆ.

ಹಾಗೆಂದು ಯಂತ್ರವನ್ನೇ ಬೀದಿಗೆ ಎಸೆಯಬೇಕಾಗಿಲ್ಲ. ೨೦೨೦ರಲ್ಲಿ ಇಂತಹ ಹಲವಾರು ಪರೀಕ್ಷೆಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದ ವಿದ್ವಾಂಸರು ಹೆಡ್‌ಸೆಟ್ಟಿನ ಕಡೆಗೆ ಅಲ್ಪವಾದ ಲಾಭವಿದೆಯೆಂದೇ ಕಂಡರು. ಅಲ್ಲದೆ ಪರೋಂಗ್ ಮತ್ತು ಮೇಯರ್ ಅವರ ಅದೇ ಲೇಖನದಲ್ಲಿ ಎರಡನೆಯ ಪರೀಕ್ಷೆಯೊಂದುಂಟು. ಅದನ್ನು ಉಲ್ಲೇಖಿಸುವವರು ಕಡಿಮೆ. ರಕ್ತನಾಳದ ಯಾತ್ರೆಯನ್ನು ತುಂಡುತುಂಡಾಗಿ ಮಾಡಿ, ಪ್ರತಿಯೊಂದು ತುಂಡು ಮುಗಿದ ಕೂಡಲೆ ವಿದ್ಯಾರ್ಥಿಯು ಕಂಡುದರ ಸಾರಾಂಶವನ್ನು ತನ್ನ ಮಾತಿನಲ್ಲಿ ಬರೆಯುವಂತೆ ಮಾಡಿದರು. ನಿಲ್ಲಿಸದೆ ನೋಡಿದವರಿಗಿಂತ ಹೀಗೆ ಬರೆದವರು ಚೆನ್ನಾಗಿ ಕಲಿತರು. ಅವರ ಉತ್ಸಾಹವೂ ಅದರಿಂದ ಕುಗ್ಗಲಿಲ್ಲ. ಕೋಟಿಗಟ್ಟಲೆ ಹಣದ ಯಂತ್ರದ ಕೊರತೆಯನ್ನು ಕಾಗದದ ಮೇಲಿನ ನಾಲ್ಕು ಸಾಲು ತುಂಬಿತು.

ಅರಿಜೋನಾ ಸ್ಟೇಟ್ ವಿಶ್ವವಿದ್ಯಾನಿಲಯದವರು ೨೦೨೨ರಿಂದ ನಡೆಸಿದ ಜೀವಶಾಸ್ತ್ರದ ಪಾಠವೂ ಇದೇ ಜಾಡಿನದು. ಹಾಲಿವುಡ್ಡಿನ ಕಥೆಗಾರರ ನೆರವಿನಿಂದ ಅಂತರಿಕ್ಷದಲ್ಲಿ ಒಂದು ಮೃಗರಕ್ಷಣಾಲಯವನ್ನು ಕಲ್ಪಿಸಿ, ಭೂಮಿಯಲ್ಲೆಲ್ಲಿಯೂ ಇಲ್ಲದ ಪ್ರಾಣಿಗಳನ್ನು ಅಲ್ಲಿ ಬಿಟ್ಟಿದ್ದಾರೆ. ಪ್ರಾಣಿಗಳು ಏಕೆ ಸಾಯುತ್ತಿವೆಯೆಂಬುದನ್ನು ವಿದ್ಯಾರ್ಥಿಗಳು ಕಂಡುಹಿಡಿಯಬೇಕು. ಉತ್ತರವನ್ನು ಯಾವ ಪುಸ್ತಕದಿಂದಲೂ ನಕಲು ಮಾಡುವಂತಿಲ್ಲವೆಂಬುದೇ ಇದರಲ್ಲಿನ ಜಾಣತನ. ಆದರೆ ನಾವು ಗಮನಿಸತಕ್ಕ ಸಂಗತಿ ಬೇರೆ. ಹೆಡ್‌ಸೆಟ್ಟಿನೊಳಗೆ ಕಳೆಯುವ ಕಾಲ ಸುಮಾರು ಕಾಲು ಗಂಟೆ ಮಾತ್ರ. ಉಳಿದ ದೀರ್ಘಕಾಲವೆಲ್ಲ ಸಾಮಾನ್ಯ ಕೊಠಡಿಯಲ್ಲಿ, ಅಂಕಿ ಅಂಶಗಳನ್ನು ಕೂಡಿ ಕಳೆದು, ನಕ್ಷೆ ಬರೆದು, ವಾದಮಾಡುವುದರಲ್ಲಿಯೇ ಹೋಗುತ್ತದೆ. ತಮ್ಮ ವಿದ್ಯಾರ್ಥಿಗಳ ಪ್ರಯೋಗದ ಅಂಕಗಳು ಇದರಿಂದ ಏರಿದುವೆಂದು ಆ ವಿಶ್ವವಿದ್ಯಾನಿಲಯವು ಪ್ರಕಟಿಸಿದೆ. ಏರಿಕೆಗೆ ಕಾರಣ ಆ ಕಾಲು ಗಂಟೆಯೋ ಮುಂದಿನ ದುಡಿಮೆಯೋ ಎಂದು ನಮ್ಮನ್ನು ಕೇಳಿದರೆ, ಕಾಲು ಗಂಟೆಯು ದುಡಿಮೆಗೆ ಹಸಿವನ್ನು ಹುಟ್ಟಿಸಿತೆಂದು ಹೇಳುವೆವು.

ಕೈಯ ಕೆಲಸದ ಮಾತು ಬೇರೆ. ಅಲ್ಲಿ ಕಲ್ಪಿತ ವಾಸ್ತವದ ಉಪಯೋಗವು ಬಹುಮಟ್ಟಿಗೆ ನಿಸ್ಸಂದೇಹವಾದುದು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ೨೦೦೨ರಷ್ಟು ಹಿಂದೆಯೇ ೧೬ ಮಂದಿ ತರುಣ ಶಸ್ತ್ರವೈದ್ಯರನ್ನು ತೆಗೆದುಕೊಂಡು, ಎಂಟು ಮಂದಿಗೆ ಮಾತ್ರ ಕೃತಕ ಯಂತ್ರದ ಮೇಲೆ, ನಿಪುಣರ ಮಟ್ಟವನ್ನು ಮುಟ್ಟುವವರೆಗೆ ಅಭ್ಯಾಸಮಾಡಿಸಿದರು. ಆ ಯಂತ್ರದಲ್ಲಿ ಮುಖಕ್ಕೆ ಕಟ್ಟುವ ಕನ್ನಡಕವಿರಲಿಲ್ಲ. ಪರದೆಯೊಂದು, ಶಸ್ತ್ರದಂತಹ ಹಿಡಿಕೆಗಳೆರಡು, ಅಷ್ಟೆ. ಆಮೇಲೆ ಎಲ್ಲರೂ ನಿಜವಾದ ರೋಗಿಗಳ ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ತೊಡಗಿದಾಗ, ಯಂತ್ರದ ಮೇಲೆ ಪಳಗಿದವರು ಕೆಲಸವನ್ನು ನೂರಕ್ಕೆ ೨೯ರಷ್ಟು ಬೇಗ ಮುಗಿಸಿದರು. ಪಳಗದವರಲ್ಲಿ ಪಿತ್ತಕೋಶಕ್ಕೆ ಗಾಯಮಾಡುವ ಅಥವಾ ಬೇರೆ ಅಂಗಾಂಶವನ್ನು ಸುಡುವ ಸಂಭವ ಐದರಷ್ಟಿತ್ತು. ತಪ್ಪುಗಳನ್ನೆಲ್ಲ ರೋಗಿಯ ಮೈಮೇಲೆ ಮಾಡುವ ಬದಲು ಯಂತ್ರದ ಮೇಲೆ ಮಾಡಿ ಮುಗಿಸಿಕೊಂಡು ಬರುವ ವೈದ್ಯನನ್ನು ಬೇಡವೆನ್ನುವ ರೋಗಿ ಯಾರು? ಇಲ್ಲಿ ಬೆರಗಿನಿಂದ ಕಲಿತುದಲ್ಲ, ಸಾಧನೆಯಿಂದ ಕಲಿತುದು. ಸಂಗೀತಗಾರನು ತಂಬೂರಿಯ ಮುಂದೆ ಮಾಡುವ ಸಾಧನೆಗೆ ಇದು ಹತ್ತಿರ.

ದೇಹಕ್ಕಾಗುವ ತೊಂದರೆಗಳನ್ನು ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲವಾದುದರಿಂದ ನಾವು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ. ಆಸ್ಟ್ರೇಲಿಯದ ಬಾಂಡ್ ವಿಶ್ವವಿದ್ಯಾನಿಲಯದಲ್ಲಿ ೫೯ ಮಂದಿಗೆ ತಲೆಬುರುಡೆಯ ರಚನೆಯನ್ನು ಕಲ್ಪಿತ ವಾಸ್ತವ, ವರ್ಧಿತ ವಾಸ್ತವ, ಸಾಮಾನ್ಯ ಟ್ಯಾಬ್ಲೆಟ್ ಎಂಬ ಮೂರು ಬಗೆಯಲ್ಲಿ ಕಲಿಸಿದರು. ೨೦೧೭ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅಂಕಗಳೆಲ್ಲ ಹೆಚ್ಚುಕಡಮೆ ಒಂದೇ. ಆದರೆ ಕಲ್ಪಿತ ವಾಸ್ತವದವರಲ್ಲಿ ನೂರಕ್ಕೆ ೪೦ ಮಂದಿಗೆ ತಲೆಸುತ್ತು, ೩೫ ಮಂದಿಗೆ ಮಂಜುಗಣ್ಣು, ೨೫ ಮಂದಿಗೆ ತಲೆನೋವು ತೋರಿತು. ಘಾಟಿಯ ರಸ್ತೆಯಲ್ಲಿ ಬಸ್ಸಿನೊಳಗೆ ಪುಸ್ತಕ ಓದಿದವರಿಗೆ ಇದರ ಕಾರಣ ಬೇಗ ತಿಳಿಯುವುದು. ಅಲ್ಲಿ ಕಣ್ಣು ಸ್ಥಿರವಾಗಿದೆ ಎನ್ನುತ್ತದೆ, ಒಳಗಿವಿ ಚಲಿಸುತ್ತಿದ್ದೇವೆ ಎನ್ನುತ್ತದೆ. ಇಲ್ಲಿ ಕಣ್ಣು ಚಲಿಸುತ್ತಿದ್ದೇವೆ ಎನ್ನುತ್ತದೆ, ಒಳಗಿವಿ ಕುಳಿತೇ ಇದ್ದೇವೆ ಎನ್ನುತ್ತದೆ. ಎರಡು ಸಾಕ್ಷಿಗಳು ವಿರುದ್ಧವಾಗಿ ನುಡಿದರೆ ನ್ಯಾಯಾಧಿಪತಿಗೆ ತಲೆನೋವು ಬರುವುದು ಸಹಜವಷ್ಟೆ. ಇನ್ನೊಂದು ವಿರೋಧವು ಕಣ್ಣಿನೊಳಗೇ ಇದೆ. ವಸ್ತುವು ಮೂಗಿನ ಹತ್ತಿರಕ್ಕೆ ಬಂದಂತೆ ತೋರಿದಾಗ ಎರಡು ಕಣ್ಣುಗಳೂ ಒಳಕ್ಕೆ ತಿರುಗುತ್ತವೆ. ಕಣ್ಣಿನ ಮಸೂರವು ಮಾತ್ರ ಒಂದೇ ಗೊತ್ತಾದ ದೂರಕ್ಕೆ, ಹೋಲೋಲೆನ್ಸಿನಲ್ಲಾದರೆ ಸುಮಾರು ಎರಡು ಮೀಟರಿಗೆ, ಹೊಂದಿಕೊಂಡೇ ಇರಬೇಕಾಗುತ್ತದೆ. ಈ ಎಳೆದಾಟದಿಂದ ಕಣ್ಣು ದಣಿಯುವುದು.

ಹೆಣ್ಣುಮಕ್ಕಳ ತಂದೆತಾಯಿಗಳು ವಿಶೇಷವಾಗಿ ತಿಳಿಯಬೇಕಾದುದೊಂದುಂಟು. ಎರಡು ಕಣ್ಣುಪಾಪೆಗಳ ನಡುವಣ ಅಂತರವು ಸರಾಸರಿ ಸುಮಾರು ೬೩ ಮಿಲಿಮೀಟರು. ಹೆಂಗಸರಲ್ಲಿ ಇದು ಗಂಡಸರಿಗಿಂತ ತುಸು ಕಡಿಮೆ. ಕನ್ನಡಕದ ಮಸೂರಗಳ ಅಂತರವು ಇದಕ್ಕೆ ಸರಿಹೊಂದದಿದ್ದರೆ ಓಕರಿಕೆ, ತಲೆಸುತ್ತು ಹೆಚ್ಚುವುವು. ಹೆಂಗಸರಿಗೆ ಈ ಯಂತ್ರ ಒಗ್ಗುವುದಿಲ್ಲವೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ೨೦೨೦ರಲ್ಲಿ ಕೇ ಸ್ಟ್ಯಾನಿ ಎಂಬ ವಿದುಷಿಯೂ ಅವರ ಸಂಗಡಿಗರೂ ಪರೀಕ್ಷಿಸಿದಾಗ, ಅಂತರವು ಸರಿಯಾಗಿ ಹೊಂದಿದ ಹೆಂಗಸರಿಗೆ ಗಂಡಸರಿಗಾಗುವಷ್ಟೇ ತೊಂದರೆ, ಹೊಂದದವರಿಗೆ ಮಾತ್ರ ಹೆಚ್ಚು ಎಂದು ಕಂಡಿತು. ದೋಷವಿದ್ದುದು ಹೆಂಗಸರ ತಲೆಯಲ್ಲಲ್ಲ, ಗಂಡಸರ ಅಳತೆಗೆ ಮಾಡಿದ ಯಂತ್ರದಲ್ಲಿ. ಚೊಕ್ಕಟತನದ ಮಾತನ್ನೂ ಮರೆಯಬಾರದು. ಒಬ್ಬರ ಮುಖದ ಬೆ‌ವರು ಹತ್ತಿದ ಸ್ಪಂಜನ್ನು ಒರೆಸದೆ ಮತ್ತೊಬ್ಬರ ಮುಖಕ್ಕೆ ಕಟ್ಟುವುದು, ನಮ್ಮಂತಹ ಸೆಕೆಯ ದೇಶದಲ್ಲಂತೂ, ಕಣ್ಣುಬೇನೆಯನ್ನು ಕರೆದು ಮಣೆಹಾಕಿದಂತೆ.

ಹಣದ ಲೆಕ್ಕವೂ ನೋಡತಕ್ಕುದೇ. ೨೦೧೯ರಲ್ಲಿ ಬಂದ ಎರಡನೆಯ ಹೋಲೋಲೆನ್ಸಿನ ಬೆಲೆ ೩,೫೦೦ ಡಾಲರು. ೨೦೨೦ರಲ್ಲಿ ಬಂದ ಆಕ್ಯುಲಸ್ ಕ್ವೆಸ್ಟ್ ೨ ಎಂಬುದರ ಆರಂಭದ ಬೆಲೆ ೨೯೯ ಡಾಲರು. ಆದರೆ ಬೆಲೆಗಿಂತ ದೊಡ್ಡ ಪ್ರಶ್ನೆ ಆಯುಸ್ಸಿನದು. ಗೂಗಲಿನ ಎಕ್ಸ್‌ಪೆಡಿಷನ್ಸ್ ಎಂಬ ಪಾಠಯಾತ್ರೆಗಳು ೨೦೧೫ರಲ್ಲಿ ಹುಟ್ಟಿ ೨೦೨೧ರಲ್ಲಿ ಮುಚ್ಚಿಹೋದುವು. ರಟ್ಟಿನ ಕನ್ನಡಕದ ಮಾರಾಟವನ್ನೂ ಅದೇ ವರ್ಷ ನಿಲ್ಲಿಸಿದರು. ಹೋಲೋಲೆನ್ಸಿನ ತಯಾರಿಕೆಯನ್ನು ನಿಲ್ಲಿಸಿರುವುದಾಗಿ ಮೈಕ್ರೊಸಾಫ್ಟ್ ೨೦೨೪ರಲ್ಲಿ ತಿಳಿಸಿತು. ಅದನ್ನೇ ನಂಬಿ ಪಾಠಗಳನ್ನು ಕಟ್ಟಿದವರು ಅವನ್ನು ಬೇರೆ ಯಂತ್ರಗಳಿಗೆ ಒಗ್ಗಿಸಿಕೊಳ್ಳಬೇಕಾಗಿದೆ. ಕರಿಹಲಗೆಯನ್ನು ಮಾರಿದ ಬಡಗಿಯು ಅಂಗಡಿ ಮುಚ್ಚಿದರೆ ಹಲಗೆಯೇನೂ ಅಳಿಸಿಹೋಗುವುದಿಲ್ಲ.

ಹೀಗಿರುವಲ್ಲಿ ಇದನ್ನು ಯಾವಾಗ ಉಪಯೋಗಿಸಬೇಕು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೆರೆಮಿ ಬೈಲೆನ್ಸನ್ ಅವರ ಅಭಿಪ್ರಾಯವು ನಮಗೆ ಸಮಂಜಸವಾಗಿ ಕಂಡಿತು. ಅವರು ಈ ಯಂತ್ರದ ವಿರೋಧಿಗಳಲ್ಲ. ೨೦೦೩ರಿಂದ ಅದರ ಪ್ರಯೋಗಶಾಲೆಯನ್ನೇ ನಡೆಸುತ್ತಿರುವವರು. ೨೦೨೧ರಲ್ಲಿ ಒಟ್ಟು ೨೬೩ ವಿದ್ಯಾರ್ಥಿಗಳಿಗೆ ಹೆಡ್‌ಸೆಟ್ಟುಗಳನ್ನು ಒದಗಿಸಿ, ಕಲ್ಪಿತ ಲೋಕದಲ್ಲಿಯೇ ಕೂಡಿಸಿ ಪಾಠಮಾಡಿದವರು. ಅವರ ಮಾತಿನಲ್ಲಿ, ನಿಜವಾಗಿ ಮಾಡಿದರೆ ಅಪಾಯಕರವಾದುದು, ಮಾಡಲು ಅಸಾಧ್ಯವಾದುದು, ಮಾಡಿದರೆ ಕೇಡೇ ಹೆಚ್ಚಾಗುವಂತಹುದು, ಬಹಳ ದುಬಾರಿಯಾದುದು, ಈ ನಾಲ್ಕಕ್ಕೆ ಮಾತ್ರ ಕಲ್ಪಿತ ವಾಸ್ತವವು ತಕ್ಕುದು. ಒಂದು ಸಲಕ್ಕೆ ಅರ್ಧ ಗಂಟೆಯಷ್ಟು ಸಾಕೆಂಬುದೂ ಅವರ ಅಭ್ಯಾಸ. ಬೆಂಕಿ ಹತ್ತಿದ ಕಾರ್ಖಾನೆಯಲ್ಲಿ ಏನು ಮಾಡಬೇಕೆಂಬುದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಕಲಿಸಲು ಕಾರ್ಖಾನೆಗೆ ಬೆಂಕಿಯಿಡುವಂತಿಲ್ಲ. ಅಲ್ಲಿ ಹೆಡ್‌ಸೆಟ್ಟು ಬೇಕು. ಲೆಕ್ಕದ ಸೂತ್ರವೊಂದನ್ನು ಆಕಾಶದಲ್ಲಿ ತೇಲಿಸಿ ತೋರಿಸುವುದಕ್ಕೆ ಅದು ಬೇಡ. ಸುಣ್ಣದ ಕಡ್ಡಿ ಸಾಕು.

ಕನ್ನಡನಾಡಿನಲ್ಲಿಯೂ ಇದಕ್ಕೆ ನಿದರ್ಶನಗಳುಂಟು. ಸಾರಾ ಕೆಂಡರ್ಡೈನ್, ಜೆಫ್ರಿ ಶಾ ಮೊದಲಾದವರು ೨೦೦೬ರಲ್ಲಿ ನಮ್ಮ ಹಂಪೆಯನ್ನು ಸುತ್ತುವರಿದ ದುಂಡುಪರದೆಯ ಮೇಲೆ ಘನದೃಶ್ಯವಾಗಿ ನಿಲ್ಲಿಸಿದರು. ವಿದೇಶಗಳನ್ನು ಸುತ್ತಿದ ಆ ಪ್ರದರ್ಶನವು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಲಾಧಾಮಕ್ಕೂ ಬಂದಿತು. ಮುರಿದುಬಿದ್ದ ಮಂಟಪವನ್ನು ಮತ್ತೆ ಎತ್ತಿ ನಿಲ್ಲಿಸಿ ನೋಡುವುದು ನಿಜವಾದ ಹಂಪೆಯಲ್ಲಿ ಅಸಾಧ್ಯ. ಇತಿಹಾಸದ ವಿದ್ಯಾರ್ಥಿಗೆ ಇಂತಹ ದೃಶ್ಯ ಬೆಲೆಯುಳ್ಳದ್ದು. ಇನ್ನೊಂದು ನಿದರ್ಶನವು ಇಷ್ಟು ವೈಭವದ್ದಲ್ಲ, ಆದರೆ ಉಪಯೋಗದಲ್ಲಿ ಬಹುಶಃ ಮೇಲಾದುದು. ಭಾರತ ಸರಕಾರದ ಶಿಕ್ಷಣ ಇಲಾಖೆಯ ವರ್ಚುಯಲ್ ಲ್ಯಾಬ್ಸ್ ಎಂಬ ಯೋಜನೆಯಲ್ಲಿ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೂ ಸೇರಿದೆ. ವಿಜ್ಞಾನ ಮತ್ತು ಎಂಜಿನಿಯರಿಂಗಿನ ನೂರಾರು ಪ್ರಯೋಗಗಳನ್ನು ಮನೆಯ ಕಂಪ್ಯೂಟರಿನ ಪರದೆಯ ಮೇಲೆಯೇ ಶುಲ್ಕವಿಲ್ಲದೆ ಮಾಡಿ ನೋಡಬಹುದು. ಹೆಡ್‌ಸೆಟ್ಟು ಬೇಕಾಗಿಲ್ಲ. ಕೋಪನ್‌ಹೇಗನ್ನಿನ ಪರೀಕ್ಷೆಯಲ್ಲಿ ಗೆದ್ದುದೂ ಇಂತಹ ಪರದೆಯೇ ಎಂಬುದನ್ನು ವಾಚಕರು ನೆನಪಿಟ್ಟಿರಬಹುದು.

ಕಾಲೇಜಿನ ವಿ.ಆರ್. ಕೊಠಡಿಯನ್ನು ತೋರಿಸುವವರನ್ನು ತಂದೆತಾಯಿಗಳು ಸಂಕೋಚವಿಲ್ಲದೆ ಕೆಲವು ಮಾತು ಕೇಳಬಹುದು. ಕನ್ನಡಕಗಳೆಷ್ಟು, ವಿದ್ಯಾರ್ಥಿಗಳೆಷ್ಟು, ವರ್ಷದಲ್ಲಿ ಒಬ್ಬನ ಪಾಲಿಗೆ ಬರುವ ಗಂಟೆಗಳೆಷ್ಟು, ಅಥವಾ ಆ ಕೊಠಡಿಯ ಬೀಗ ತೆಗೆಯುವುದು ಅತಿಥಿಗಳು ಬಂದಾಗಲೇ? ಪಾಠಗಳನ್ನು ಅಲ್ಲಿಯ ಅಧ್ಯಾಪಕರು ಆರಿಸಿದ್ದಾರೆಯೋ, ಯಂತ್ರದೊಡನೆ ಬಂದುದನ್ನೇ ತೋರಿಸುವರೋ? ತಲೆಸುತ್ತು ಬರುವ ವಿದ್ಯಾರ್ಥಿಗೆ ಅದೇ ಪಾಠವನ್ನು ಬೇರೆ ರೀತಿಯಲ್ಲಿ ಕಲಿಯುವ ಏರ್ಪಾಡುಂಟೆ? ಮಸೂರಗಳ ಅಂತರವನ್ನು ಒಬ್ಬೊಬ್ಬರಿಗೂ ಹೊಂದಿಸಿ ಕೊಡುವರೆ? ಇವೆಲ್ಲವೂ ಆದ ಮೇಲೆ, ಕನ್ನಡಕವನ್ನು ಕಳಚಿದ ನಂತರ ವಿದ್ಯಾರ್ಥಿಗಳು ಏನು ಬರೆಯುತ್ತಾರೆಂದು ವಿಚಾರಿಸಿ, ಕಳೆದ ವರ್ಷ ಅವರು ಬರೆದ ಪುಸ್ತಕಗಳಲ್ಲಿ ಒಂದನ್ನು ತಂದು ತೋರಿಸಬೇಕೆಂದು ಕೇಳಬಹುದು.